ಮೂರು ಪಿನ್ನಿನ ವೈರು, ಮೂವತ್ತಾರರ ವರ

ನನ್ನ ಕಸುಬಿನಲ್ಲಿ ನಗುವಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸ್ಕ್ರೂಡ್ರೈವರ್ ಹಿಡಿದು ಯಾರದೋ ಹೊಸಲು ದಾಟಿದರೆ ಸಾಕು, ಅವು ತಾವಾಗಿಯೇ ಕಾಲಿಗೆ ತೊಡರಿಕೊಳ್ಳುತ್ತವೆ.

ನಾನು ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಅಂಗಡಿ ಮಂಡಿಪೇಟೆಯ ಒಂದು ಓಣಿಯಲ್ಲಿದೆ. ನಾನು ಮಾತ್ರ ಹೆಚ್ಚಾಗಿ ಬೈಕಿನ ಮೇಲೆ, ಗುಬ್ಬಿಗೂ ಕುಣಿಗಲ್ಲಿಗೂ ನಡುವೆ ಎಲ್ಲಾದರೂ ಇರುತ್ತೇನೆ. ಎಲ್ಲರೂ ಸಿಪಿಯು ಎಂದು ಕರೆಯುವ ಕಪ್ಪು ಡಬ್ಬ ಇದೆಯಲ್ಲ, ಅದರೊಳಗೆ ಅಂಗೈಯಗಲದ ಫ್ಯಾನುಗಳಿರುತ್ತವೆ. ಮುಂದಿನದು ತಣ್ಣನೆಯ ಗಾಳಿಯನ್ನು ಒಳಗೆ ಎಳೆಯುತ್ತದೆ, ಹಿಂದಿನದು ಬಿಸಿ ಗಾಳಿಯನ್ನು ಹೊರಗೆ ನೂಕುತ್ತದೆ. ಪ್ರತಿ ಫ್ಯಾನಿಗೂ ಒಂದು ಸಣ್ಣ ವೈರು, ಅದರ ತುದಿಯಲ್ಲಿ ಮೂರೋ ನಾಲ್ಕೋ ಪಿನ್ನುಗಳಿಗೆ ಕೂರುವ ಕನೆಕ್ಟರ್. ಆ ವೈರು ಜಾಗದಲ್ಲಿ ಇದ್ದರೆ ನನಗೆ ಕೆಲಸವಿಲ್ಲ. ಜಾಗ ಬಿಟ್ಟಿತೋ, ಡಬ್ಬ ಕಾದು ಅರ್ಧ ಗಂಟೆಗೆ ಆರಿಹೋಗಿ ಅವರಿಗೆ ಕೆಲಸವಿಲ್ಲ. ಇಷ್ಟೇ ನನ್ನ ವಿದ್ಯೆ.

ಇಲ್ಲಿ ಹೇಳುವುದೆಲ್ಲ ಒಂದೇ ವರ್ಷದಲ್ಲಿ ನಡೆದದ್ದು. ಆ ವರ್ಷ ನನಗೆ ಮೂವತ್ತಾರು ತುಂಬಿತ್ತು, ಮದುವೆ ಆಗಿರಲಿಲ್ಲ. ಹೆಣ್ಣಿನ ಕಡೆಯವರು "ಹುಡುಗ ಏನ್ ಮಾಡ್ತಾನೆ?" ಎಂದು ಕೇಳುತ್ತಿದ್ದರು. ಅಮ್ಮ "ಕಂಪ್ಯೂಟರು" ಎನ್ನುತ್ತಿದ್ದಳು. ಅವರ ಮುಖ ಅರಳುತ್ತಿತ್ತು. ಅಮ್ಮ ಪ್ರಾಮಾಣಿಕಳಾದ್ದರಿಂದ "ರಿಪೇರಿ" ಎಂದು ಸೇರಿಸುತ್ತಿದ್ದಳು. ಆಮೇಲೆ ಒಳಗಿನಿಂದ ಬರುವ ಕಾಫಿಯ ಲೋಟ ಸಣ್ಣದಾಗಿರುತ್ತಿತ್ತು.

ಕೊನೆಗೆ ನನ್ನ ಸೋದರಮಾವ ಈ ಖಾತೆಯನ್ನು ಅಮ್ಮನ ಕೈಯಿಂದ ಕಿತ್ತುಕೊಂಡ. ನನ್ನ ವಿವರದ ಹಾಳೆಯಲ್ಲಿ ಉದ್ಯೋಗದ ಮುಂದೆ "ಕೂಲಿಂಗ್ ಎಂಜಿನಿಯರ್" ಎಂದು ಬರೆಸಿದ.

"ಇದೆಂಥ ಸುಳ್ಳು ಮಾವ?" ಎಂದೆ.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೇನೇ ಐತೆ ಕಣ್ಲಾ. ನೀನು ಒಂದಕ್ಕೇ ಬೆವರ್ತಿದೀಯಲ್ಲ! ಬಿಸಿಯಾಗಿದ್ದನ್ನ ತಣ್ಣಗೆ ಮಾಡ್ತೀಯೋ ಇಲ್ವೋ?"

ನಾನು ನಕ್ಕೆ. ಆದರೆ ನಿಜ ಹೇಳಬೇಕೆಂದರೆ ಒಳಗೊಳಗೇ ಅವಮಾನವಾಗುತ್ತಿತ್ತು. ನನ್ನ ಕೆಲಸ ನನಗೆ ಇಷ್ಟ. ಅದನ್ನು ಅದರ ಹೆಸರಿನಿಂದಲೇ ಕರೆದು, ಆಮೇಲೂ ನನ್ನನ್ನು ಒಪ್ಪುವ ಒಬ್ಬಳು ಈ ಜಿಲ್ಲೆಯಲ್ಲಿ ಇದ್ದಾಳೋ ಇಲ್ಲವೋ ಎಂಬುದೇ ಆ ವರ್ಷದ ನನ್ನ ಚಿಂತೆ.

ಗುಬ್ಬಿಯ ಧೂಪ

ಗುಬ್ಬಿಯ ಒಂದು ಕೊಬ್ಬರಿ ಮಂಡಿಯಿಂದ ಫೋನ್ ಬಂತು. ಮಾತಾಡಿದವರು ಯಜಮಾನರೇ. "ಕಂಪ್ಯೂಟ್ರು ಹತ್ತು ಗಂಟೆಗೆ ಹಚ್ಚಿದ್ರೆ ಹತ್ತೂವರೆಗೆ ಕಣ್ಮುಚ್ಕೊಳ್ತದೆ. ಬಂದು ನೋಡಪ್ಪ."

ಹೋದೆ. ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಹಣೆಯ ತುಂಬ ಮೂರು ಪಟ್ಟೆ ವಿಭೂತಿ. ಪಕ್ಕದಲ್ಲಿದ್ದ ಡಬ್ಬಕ್ಕೂ ಮೂರು ಪಟ್ಟೆ ವಿಭೂತಿ. ನೆತ್ತಿಯ ಮೇಲೆ ಕುಂಕುಮ, ಎದೆಗೆ ಒಂದು ಮೊಳ ಮಲ್ಲಿಗೆ. ಇಬ್ಬರಲ್ಲಿ ಯಾರಿಗೆ ಮೊದಲು ನಮಸ್ಕಾರ ಹೇಳಬೇಕೆಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ.

"ಯಾರಾದ್ರೂ ಇದನ್ನ ಬಿಚ್ಚಿದ್ರಾ ಯಜಮಾನ್ರೇ?"

"ಯಾರೂ ಮುಟ್ಟಿಲ್ಲ. ನಾನು ದಿನಾ ಪೂಜೆ ಮಾಡ್ತೀನಿ, ಅಷ್ಟೇ." ಆಮೇಲೆ ದನಿ ತಗ್ಗಿಸಿದರು. "ನೋಡಪ್ಪ, ನಲವತ್ತು ವರ್ಷದಿಂದ ಪೂಜೆ ಮಾಡ್ಕೊಂಡು ಬಂದಿದೀನಿ. ಧೂಪ ಹಿಡಿದ್ರೆ ಎದುರಿಗೇ ಒಳಕ್ಕೆ ಎಳ್ಕೊಂಡಿದ್ದು ಅಂದ್ರೆ ಇದೊಂದೇ. ಹೊಗೆ ಒಂಚೂರೂ ಆಚೆ ಈಚೆ ಹೋಗ್ತಿರ್ಲಿಲ್ಲ. ಈಗ ಹದಿನೈದು ದಿನದಿಂದ ಸ್ವೀಕಾರ ಮಾಡ್ತಿಲ್ಲ. ಏನೋ ಅಪಚಾರ ಆಗಿರ್ಬೇಕು. ಒಂದು ಅಭಿಷೇಕ ಮಾಡ್ಬುಡೋಣ ಅಂತ ಹಾಲೂ ತರಿಸಿದ್ದೆ. ಗುಮಾಸ್ತ ಬೇಡ ಅಂತ ಕೈ ಹಿಡ್ಕೊಂಡ."

ಆ ಗುಮಾಸ್ತನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದು ಮುಚ್ಚಳ ತೆಗೆದೆ. ಕತೆ ಸ್ಪಷ್ಟವಾಗಿತ್ತು. ಮುಂದಿನ ಫ್ಯಾನು ಧೂಪದ ಜೊತೆಗೆ ಮಲ್ಲಿಗೆಯ ತುದಿಯನ್ನೂ ಸ್ವೀಕಾರ ಮಾಡಿತ್ತು. ದಾರ ರೆಕ್ಕೆಗೆ ಸುತ್ತಿಕೊಂಡು, ವೈರನ್ನೂ ಸೇರಿಸಿ ಎಳೆದು, ಕನೆಕ್ಟರ್ ಪಿನ್ನಿನಿಂದ ಕಿತ್ತು ಬಂದಿತ್ತು. ಒಣಗಿದ ಮಲ್ಲಿಗೆ ಎಳೆದಷ್ಟೂ ಬಂತು. ವಿಭೂತಿಯನ್ನು ಬ್ರಷ್ಷಿನಿಂದ ಗುಡಿಸಿ, ವೈರನ್ನು ಅದರ ಜಾಗಕ್ಕೆ ಒತ್ತಿದೆ. ಫ್ಯಾನು ತಿರುಗಿತು. ಯಜಮಾನರು ತಕ್ಷಣ ಧೂಪ ಹಚ್ಚಿ ಹಿಡಿದರು. ಹೊಗೆ ಸರಸರನೆ ಒಳಗೆ ಹೋಯಿತು. ಅವರ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಭಕ್ತಿಯಿಂದ, ಸ್ವಲ್ಪ ಹಿಂದಿನ ಫ್ಯಾನಿನಿಂದ.

"ಹೂವು ಧೂಪ ಎರಡೂ ಮುಂದ್ಗಡೆ ಬೇಡ ಯಜಮಾನ್ರೇ. ಮಾಡ್ಲೇಬೇಕು ಅಂದ್ರೆ ಹಿಂದ್ಗಡೆಯಿಂದ ಮಾಡಿ" ಎಂದೆ.

"ಹಿಂದ್ಗಡೆ ಹಿಡಿದ್ರೆ ಹೊಗೆ ವಾಪಸ್ ನನ್ನ ಮುಖಕ್ಕೇ ಬರ್ತದೆ. ದೇವ್ರು ನಿಂದು ಬೇಡ ಹೋಗು ಅಂದಂಗಾಗಲ್ವಾ?"

ನಾನು ಬ್ರಷ್ಷು, ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡೆ. ಅವರಿಗೆ ಮಾತ್ರ ನನ್ನ ಮೇಲೆ ಪ್ರೀತಿ ಉಕ್ಕಿತು. ಮದುವೆ ಆಗಿಲ್ಲವೆಂದು ತಿಳಿದದ್ದೇ ತಡ, ನನ್ನೆದುರಿಗೇ ಯಾರೋ ಬಂಧುಗಳಿಗೆ ಫೋನ್ ಹಚ್ಚಿದರು. "ನಿಮ್ಮ ಹುಡುಗಿಗೆ ಒಂದು ಗಂಡು ನೋಡಿದೀನಿ. ಭಾರೀ ಕಸುಬುದಾರ. ನನ್ನ ಕಣ್ಣೆದುರಿಗೇ ಡಬ್ಬದೊಳಕ್ಕೆ ಕೈ ಹಾಕಿ ಒಂದು ಮೊಳ ಮಲ್ಲಿಗೆ ತೆಗ್ದ!"

ಸಂಜೆ ಉತ್ತರ ಬಂತು. ಜಾದೂ ಮಾಡುವವರಿಗೆ ಹೆಣ್ಣು ಕೊಡುವುದಿಲ್ಲವಂತೆ.

ಮೇಷ್ಟ್ರ ಮನೆಯ ಸೋಮಾರಿ

ಎಸ್.ಎಸ್. ಪುರದಲ್ಲಿ ಒಬ್ಬ ನಿವೃತ್ತ ಹೆಡ್ಮಾಸ್ತರರು ಹೊಸ ಕಂಪ್ಯೂಟರ್ ತಗೊಂಡಿದ್ದರು. ಹಿಂದಿನ ಫ್ಯಾನು ನಿಂತೇ ಇರುತ್ತದೆಂದು ದೂರು. ನಾನು ಹೋಗುವಷ್ಟರಲ್ಲಿ ಅದು ತಿರುಗುತ್ತಿರುತ್ತಿತ್ತು. ನಾನು ವಾಪಸ್ ಬಂದ ಮೇಲೆ ಮತ್ತೆ ಫೋನು, "ನೀನು ಗೇಟು ದಾಟಿದ್ದೇ ತಡ, ನಿಂತೋಯ್ತು."

ಮೂರನೆಯ ಸಲ ಹೋದಾಗ ಅವರೇ ಮುಚ್ಚಳ ಬಿಚ್ಚಿಕೊಂಡು ಕೂತಿದ್ದರು. ವೈರನ್ನು ಕಿತ್ತು ಹಾಕಿ, ಕಿತ್ತು ಹಾಕಿ, ಒಂದು ಪಿನ್ನು ಕೊಕ್ಕೆಯ ಹಾಗೆ ಬಾಗಿತ್ತು. ಅದನ್ನು ನೆಟ್ಟಗೆ ಮಾಡಿ ವೈರು ಕೂರಿಸಿ ಸಮಾಧಾನವಾಗಿ ವಿವರಿಸಿದೆ. ಇದು ಹೊಸ ನಮೂನೆ ಫ್ಯಾನು ಮೇಷ್ಟ್ರೇ, ಡಬ್ಬ ತಣ್ಣಗಿರುವಾಗ ಸುಮ್ಮನಿರುತ್ತದೆ, ಬಿಸಿಯಾದರೆ ಮಾತ್ರ ತಿರುಗುತ್ತದೆ.

ಅವರು ಕನ್ನಡಕ ತೆಗೆದು ಫ್ಯಾನನ್ನೇ ದಿಟ್ಟಿಸಿದರು. "ಅಂದ್ರೆ ಇನ್‌ಸ್ಪೆಕ್ಷನ್ ಇದ್ದಾಗ ಮಾತ್ರ ಕೆಲಸ. ಇಂಥೋರನ್ನ ನನ್ನ ಸರ್ವೀಸಲ್ಲಿ ಬೇಕಾದಷ್ಟು ಕಂಡಿದೀನಿ. ಅವ್ರನ್ನ ತೆಗೆಯೋ ಅಧಿಕಾರ ನನಗಿರ್ಲಿಲ್ಲ. ಇದನ್ನ ತೆಗೆದು ಬೇರೆ ಹಾಕು."

"ಬೇಡ ಮೇಷ್ಟ್ರೇ, ಇದು ಚೆನ್ನಾಗಿದೆ."

"ಅವ್ರೂ ಚೆನ್ನಾಗೇ ಇದ್ರು ಕಣಯ್ಯ!"

ಹಿರೇಹಳ್ಳಿಯ ಹಳದಿ ಹೆಲ್ಮೆಟ್ಟು

ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸಿನ ಕಂಪ್ಯೂಟರ್ ವಿಪರೀತ ಬಿಸಿಯಾಗುತ್ತಿತ್ತು. ನನ್ನನ್ನು ಕರೆಯುವುದಕ್ಕೆ ಮೊದಲು ಅಲ್ಲಿನ ಎಲೆಕ್ಟ್ರಿಷಿಯನ್ ಅದಕ್ಕೆ ಚಿಕಿತ್ಸೆ ಕೊಟ್ಟಿದ್ದ. ಮೂವತ್ತರ ಆಸುಪಾಸಿನವನು, ಕಟ್ಟುಮಸ್ತಾದ ಆಳು, ನೆಟ್ಟನೆ ಮೀಸೆ. ಅವನ ಮುಂದೆ ಮೇಜಿನ ಮೇಲೆ ನಾಲ್ಕು ಹೊಸ ಫ್ಯಾನುಗಳು ಸಾಲಾಗಿ ಮಲಗಿದ್ದವು.

"ನಾಲ್ಕೂ ಡೂಪ್ಲಿಕೇಟ್ ಸಾರ್" ಎಂದ. "ಹಾಕಿದ ತಕ್ಷಣ ತಿರುಗ್ತವೆ, ಸರಿ ಮಾಡಿದ ತಕ್ಷಣ ನಿಂತೋಗ್ತವೆ."

"ಸರಿ ಮಾಡೋದು ಅಂದ್ರೆ?"

"ಗಾಳಿ ಆಚೆ ಬಿಡೋ ಬದ್ಲು ಒಳಕ್ಕೆ ಬಿಡ್ತಿತ್ತು. ಉಲ್ಟಾ ತಿರುಗ್ತೈತೆ ಅಂತ ಎರಡು ವೈರು ಅದಲು ಬದಲು ಮಾಡ್ದೆ."

ನಾನು ಹಣೆ ಹಿಡಿದುಕೊಂಡೆ. ಕಾರ್ಖಾನೆಯ ಮೂರು ಫೇಸಿನ ದೊಡ್ಡ ಮೋಟಾರುಗಳಲ್ಲಿ ಅವನು ಹೇಳಿದ್ದು ಅಪ್ಪಟ ಸತ್ಯ. ಮೋಟಾರು ಉಲ್ಟಾ ತಿರುಗಿದರೆ ಯಾವುದಾದರೂ ಎರಡು ವೈರು ಅದಲು ಬದಲು ಮಾಡಿದರೆ ಸಾಕು, ಸರಿಯಾಗಿ ತಿರುಗುತ್ತದೆ. ಕಂಪ್ಯೂಟರಿನ ಪುಟ್ಟ ಫ್ಯಾನಿಗೆ ಆ ನ್ಯಾಯ ಗೊತ್ತಿಲ್ಲ. ಅದಕ್ಕೆ ಒಂದೇ ದಿಕ್ಕು. ವೈರು ಅದಲು ಬದಲಾದರೆ ಮುನಿಸಿಕೊಂಡು ನಿಂತುಬಿಡುತ್ತದೆ. ಈ ಮಹಾಶಯ ಸೂಜಿಯ ಮೊನೆಯಿಂದ ಕನೆಕ್ಟರಿನೊಳಗಿನ ಎಳೆಗಳನ್ನು ಬಿಚ್ಚಿ, ನಾಲ್ಕು ಫ್ಯಾನಿಗೂ ಕೆಂಪು ಕಪ್ಪು ಬದಲಾಯಿಸಿ, ನಾಲ್ಕನ್ನೂ ಡೂಪ್ಲಿಕೇಟ್ ಎಂದು ತೀರ್ಮಾನಿಸಿದ್ದ. ಅಷ್ಟು ನಾಜೂಕಾಗಿ ತಪ್ಪು ಮಾಡಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಎಳೆಗಳನ್ನು ಮೊದಲಿನಂತೆ ಸೇರಿಸಿದೆ. ಆಮೇಲೆ ಒಂದನ್ನು ಎತ್ತಿಕೊಂಡು, ಫ್ಯಾನನ್ನೇ ಹಿಂದುಮುಂದು ಮಾಡಿ ನಾಲ್ಕು ಸ್ಕ್ರೂ ಬಿಗಿದೆ. ಗಾಳಿ ಆಚೆ ಬಂತು.

ಅವನು ಬಾಯಿ ಬಿಟ್ಟುಕೊಂಡು ನೋಡಿದ. "ಇಡೀ ಫ್ಯಾನನ್ನೇ ತಿರುಗಿಸ್ಬುಟ್ರಲ್ಲ! ಇದೇ ಐಡಿಯಾ ನಮ್ ಮೋಟಾರಿಗೆ ಮಾಡಿದ್ರೆ ಗೋಡೆ ಒಡೀಬೇಕಾಗ್ತಿತ್ತು."

ಹೊರಡುವಾಗ ಮಾವನ ಫೋನು ಬಂತು. "ಫ್ಯಾಕ್ಟ್ರೀಲಿದೀಯಾ? ಒಂದು ಹೆಲ್ಮೆಟ್ ಹಾಕ್ಕೊಂಡು, ಯಾವುದಾದ್ರೂ ದೊಡ್ಡ ಮೆಷಿನ್ ಪಕ್ಕ ನಿಂತು ಫೋಟೋ ತೆಗೆಸ್ಕೊಳ್ಲಾ. ಹೆಣ್ಣಿನ ಕಡೆಗೆ ಕಳಿಸ್ಬೇಕು." ಎಲೆಕ್ಟ್ರಿಷಿಯನ್ ಹಳದಿ ಹೆಲ್ಮೆಟ್ ತಂದು ನನ್ನ ತಲೆಗಿಟ್ಟು, ದೊಡ್ಡ ಮೋಟಾರಿನ ಪಕ್ಕ ನಿಲ್ಲಿಸಿ, ಒಬ್ಬನೇ ನಿಂತರೆ ಚೆನ್ನಾಗಿರುವುದಿಲ್ಲವೆಂದು ಮೊಬೈಲನ್ನು ಇನ್ನೊಬ್ಬನ ಕೈಗೆ ಕೊಟ್ಟು ತಾನೂ ಹಿಂದೆ ಬಂದು ನಿಂತ. ಫೋಟೋ ತುಂಬ ಚೆನ್ನಾಗಿ ಬಂತು. ಮಾವ ಅದನ್ನು ಮೂರು ಮನೆಗಳಿಗೆ ಕಳಿಸಿದ. ಮೂರೂ ಮನೆಯವರು ಹೆಚ್ಚುಕಮ್ಮಿ ಒಂದೇ ಮಾತು ಕೇಳಿದರು:

"ಹಿಂದ್ಗಡೆ ನಿಂತವ್ರಲ್ಲ, ಅವ್ರಿಗೆ ಮದುವೆ ಆಗೈತಾ?"

ಸಿ.ಎಸ್. ಪುರದ ಬೀಗ

ಸಿ.ಎಸ್. ಪುರದಲ್ಲಿ ಒಬ್ಬ ಅಕ್ಕ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ಇಟ್ಟಿದ್ದಾಳೆ. ಡಬ್ಬದೊಳಗೆ ಟರ್ರ್ ಎಂದು ಸದ್ದು ಬರುತ್ತಿದೆ ಎಂದು ಕರೆದಿದ್ದಳು. ಒಂದು ವೈರು ಸಡಿಲವಾಗಿ ಫ್ಯಾನಿನ ರೆಕ್ಕೆಗೆ ತಾಗುತ್ತಿತ್ತು. ಅದನ್ನು ಪಕ್ಕಕ್ಕೆ ಎಳೆದು ಕಟ್ಟಿ, ಕಂಪ್ಯೂಟರ್ ಶುರು ಮಾಡಿದೆ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ಪ್ರೊಸೆಸರಿನ ಫ್ಯಾನು ಕಾಣುತ್ತಿಲ್ಲ, ಮುಂದುವರಿಯಲು ಎಫ್ ಒನ್ ಒತ್ತಿ.

ಫ್ಯಾನು ಚೆನ್ನಾಗಿಯೇ ತಿರುಗುತ್ತಿತ್ತು. ಯಾರೋ ಅದರ ವೈರನ್ನು ಅದರ ಪಿನ್ನಿಗೆ ಹಾಕುವ ಬದಲು ಪಕ್ಕದ ಇನ್ನೊಂದು ಫ್ಯಾನಿನ ಪಿನ್ನಿಗೆ ಹಾಕಿದ್ದರು. ತನ್ನ ಜಾಗ ಖಾಲಿ ಇದೆಯೆಂದು ಕಂಪ್ಯೂಟರ್ ದಿನಾ ದೂರುತ್ತಿತ್ತು, ಅಷ್ಟೇ. ಅಕ್ಕ ಒಳಗೆ ಸೊಪ್ಪು ಬಿಡಿಸುತ್ತಿದ್ದಳು. ಕೇಳದೆಯೇ ಒಂದು ಉಪಕಾರ ಮಾಡಿಬಿಡೋಣವೆಂದು ವೈರು ಬದಲಾಯಿಸಿದೆ. ಈಗ ಯಾವ ದೂರೂ ಇಲ್ಲದೆ ಕಂಪ್ಯೂಟರ್ ನೇರವಾಗಿ ಶುರುವಾಯಿತು.

ಅಕ್ಕನನ್ನು ಕರೆದು ಹೆಮ್ಮೆಯಿಂದ ತೋರಿಸಿದೆ. ಅವಳು ಎದೆ ಮುಟ್ಟಿಕೊಂಡಳು.

"ಅಯ್ಯೋ, ಏನ್ ಮಾಡ್ಬುಟ್ಟೆ? ಆ ಎರಡು ಲೈನ್ ಎಲ್ಲೋಯ್ತು?"

"ಸರಿ ಮಾಡ್ದೆ ಅಕ್ಕ. ಇನ್ಮೇಲೆ ಬರಲ್ಲ."

"ಯಾರು ಸರಿ ಮಾಡು ಅಂದ್ರು ನಿಂಗೆ? ಅದೇ ನನ್ನ ಬೀಗ ಕಣಪ್ಪ!" ಬಾಗಿಲ ಕಡೆ ಒಂದು ಸಲ ನೋಡಿ, ಹತ್ತಿರ ಬಂದು ಪಿಸುಗುಟ್ಟಿದಳು. "ನಾನು ಅಡುಗೆ ಮನೆಗೆ ಹೋದ್ರೆ ಸಾಕು, ನಮ್ಮನೆಯವ್ರು ಇಲ್ಲಿ ಕೂತ್ಕೊಂಡು ಇಸ್ಪೀಟ್ ಆಡ್ತಿದ್ರು. ಅವ್ರಿಗೆ ಇಂಗ್ಲಿಷ್ ಓದೋಕೆ ಬರಲ್ಲ, ಎಫ್ ಒನ್ ಒತ್ತೋದು ಗೊತ್ತಿಲ್ಲ. ಈ ಲೈನ್ ಬರೋಕೆ ಶುರುವಾದ್ಮೇಲೆ ಮೆಷಿನ್ ಕೆಟ್ಟೈತೆ, ನನ್ನ ಕೈಗುಣಕ್ಕೆ ಮಾತ್ರ ಶುರುವಾಗ್ತೈತೆ ಅಂತ ಹೇಳಿದೀನಿ. ಎಂಟು ತಿಂಗಳಿಂದ ಮನೇಲಿ ನೆಮ್ಮದಿ ಐತೆ. ಮೊದಲು ಹೆಂಗಿತ್ತೋ ಹಂಗೆ ಮಾಡು."

ಹದಿನಾಲ್ಕು ವರ್ಷದ ವೃತ್ತಿಯಲ್ಲಿ ಮೊದಲ ಸಲ ನಾನು ಸರಿಯಾಗಿದ್ದ ವೈರನ್ನು ಬೇಕೆಂದೇ ತಪ್ಪು ಪಿನ್ನಿಗೆ ಹಾಕಿದೆ. ಅಷ್ಟರಲ್ಲಿ ಅಕ್ಕನ ಯಜಮಾನರು ಒಳಗೆ ಬಂದು, "ಏನಂತಪ್ಪ, ಸರಿಹೋಯ್ತಾ?" ಎಂದು ಆಸೆಯಿಂದ ಕೇಳಿದರು. "ಇಲ್ಲ ಅಣ್ಣ, ಇದು ಅಕ್ಕನ ಕೈಗೇ ಪಳಗಿಬಿಟ್ಟಿದೆ" ಎಂದೆ. ಅವರು ನಿಟ್ಟುಸಿರು ಬಿಟ್ಟು ಹೊರಗೆ ಹೋದರು.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬಾಯಿ ಬಿಗಿ ಇರೋ ಹುಡುಗ. ಮದುವೆ ಆಗೈತಾ? ಕೊತ್ತಗೆರೇಲಿ ನಮ್ಮ ಚಿಕ್ಕಮ್ಮನ ಮಗಳೊಬ್ಳು ಅವ್ಳೆ. ಪಂಚಾಯ್ತಿ ಆಫೀಸಲ್ಲಿ ಕಂಪ್ಯೂಟ್ರು ಕೆಲಸ ಮಾಡ್ತಾಳೆ. ಮಾತಾಡ್ಲಾ?"

ಕೆಟ್ಟದ್ದನ್ನು ಸರಿ ಮಾಡಿ ಬೈಸಿಕೊಂಡೆ. ಸರಿಯಾದದ್ದನ್ನು ಕೆಡಿಸಿ ಒಂದು ಸಂಬಂಧ ಸಂಪಾದಿಸಿದೆ.

ಕೊತ್ತಗೆರೆಯ ಮುಕ್ಕಾಲು ಗಂಟೆ

ಒಂದು ಭಾನುವಾರ ಅಮ್ಮ, ಮಾವ, ನಾನು ಕೊತ್ತಗೆರೆಗೆ ಹೆಣ್ಣು ನೋಡಲು ಹೋದೆವು. ಕುಣಿಗಲ್ ದಾಟುವವರೆಗೂ ಮಾವ ನನಗೆ ಹೇಗೆ ಕೂರಬೇಕು, ಹೇಗೆ ನಗಬೇಕು ಎಂದು ಪಾಠ ಹೇಳಿದ. ಹುಡುಗಿ ತಟ್ಟೆಗಳನ್ನು ತಂದಿಟ್ಟಳು. ಉಪ್ಪಿಟ್ಟು, ಕೇಸರಿಬಾತು. ತಲೆ ತಗ್ಗಿಸಲಿಲ್ಲ. ನನ್ನನ್ನು ಒಂದು ಸಲ ನೇರವಾಗಿ ನೋಡಿ, ಬಾಗಿಲಿಗೆ ಒರಗಿ ನಿಂತಳು. ನನಗೆ ಆ ನೋಟ ಹಿಡಿಸಿತು. ಇದೊಂದು ಆಗಲಿ ದೇವರೇ ಎಂದುಕೊಂಡೆ.

ಹುಡುಗಿಯ ಅಪ್ಪ ಮಾತು ಕಡಿಮೆಯ ಮನುಷ್ಯ. ನನ್ನ ವಿವರದ ಹಾಳೆಯನ್ನು ಎರಡು ಸಲ ಓದಿ ಮಡಿಸಿಟ್ಟರು.

"ಕೂಲಿಂಗ್ ಎಂಜಿನಿಯರ್ ಅಂತೀರಿ. ನಮ್ಮನೆ ಕಂಪ್ಯೂಟ್ರು ಇವತ್ತು ಬೆಳಿಗ್ಗೆಯಿಂದ ಬಿಸಿಯಾಗಿ ಆರಿಹೋಗ್ತೈತೆ. ಒಂಚೂರು ನೋಡ್ತೀರಾ?"

ನೋಡುತ್ತೇನೆ ಎಂದು ನಾನು ಏಳುವಷ್ಟರಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು. "ಹೋದ ವರ್ಷ ಒಬ್ಬ ಬಂದಿದ್ದ. ಎರಡು ನಿಮಿಷಕ್ಕೆ ಆಯ್ತು ಅಂತ ಎದ್ದೋದ. ನನಗೆ ಅಂಥೋರ ಮೇಲೆ ನಂಬಿಕೆ ಇಲ್ಲ. ನಮ್ಮ ಬೋರ್‌ವೆಲ್ ಮೋಟಾರಿನವನು ಬಂದ್ರೆ ಇಡೀ ದಿನ ಇರ್ತಾನೆ, ಊಟ ಮಾಡ್ತಾನೆ, ಸಂಜೆಗೆ ಹೋಗ್ತಾನೆ. ಅದು ಕೆಲಸ ಅಂದ್ರೆ."

ಮಾವ ನನ್ನ ತೊಡೆ ಚಿವುಟಿದ. ಕಂಪ್ಯೂಟರಿನ ಕಡೆ ನಡೆಯುವಾಗ ಕಿವಿಯಲ್ಲಿ ಉಸುರಿದ, "ಬೇಗ ಮಾಡಿದ್ಯೋ, ಸಂಬಂಧ ಹೋಯ್ತು ಅಂದ್ಕೊ."

ಮುಚ್ಚಳ ತೆಗೆದೆ. ಹಿಂದಿನ ಫ್ಯಾನಿನ ವೈರು ಪಿನ್ನಿನಿಂದ ಕಳಚಿ ಕಣ್ಣಿಗೆ ರಾಚುವಂತೆ ನೇತಾಡುತ್ತಿತ್ತು. ಕುರುಡನಿಗೂ ಕಾಣುವ ತಪ್ಪು. ನನ್ನ ಬೆರಳುಗಳು ಅಭ್ಯಾಸಬಲದಿಂದ ಅದರ ಕಡೆ ಹೋದವು. ಮಾವ ಕೆಮ್ಮಿದ. ಬೆರಳು ಹಿಂದೆ ಬಂದವು.

ಆಮೇಲೆ ನಾನು ಆಡಿದ್ದು ನಾಟಕ. ಬಿಚ್ಚುವ ಅಗತ್ಯವಿಲ್ಲದ್ದನ್ನೆಲ್ಲ ಬಿಚ್ಚಿದೆ. ಸ್ಕ್ರೂಗಳನ್ನು ಕೇಸರಿಬಾತಿನ ಖಾಲಿ ತಟ್ಟೆಯಲ್ಲಿ ಸಾಲಾಗಿ ಇಟ್ಟೆ. ಮೊಬೈಲ್ ಟಾರ್ಚ್ ಹಚ್ಚಿ ಏನೂ ಇಲ್ಲದ ಮೂಲೆಗಳಲ್ಲಿ ಇಣುಕಿದೆ. ಆಗಾಗ "ಓಹೋ" ಎಂದೆ. ಅಕ್ಕಪಕ್ಕದ ಮನೆಯವರೂ ಬಂದು ಸುತ್ತ ನಿಂತರು. ಮಾವ ವೀಕ್ಷಕ ವಿವರಣೆಗೆ ಇಳಿದಿದ್ದ. "ಈಗ ಒಳಗಡೆ ಹೋಗವ್ನೆ. ಇನ್ನು ಬಿಡಲ್ಲ." ಇವೆಲ್ಲದರ ನಡುವೆ ಹುಡುಗಿಯ ಅಜ್ಜಿ ಜೋರಾಗಿ ಕೇಳಿದರು, "ಈ ಹುಡುಗ ಹೆಣ್ಣು ನೋಡೋಕೆ ಬಂದಿರೋದೋ, ಡಬ್ಬ ನೋಡೋಕೆ ಬಂದಿರೋದೋ?"

ಹುಡುಗಿ ಮಾತ್ರ ಗೋಡೆಯ ಗಡಿಯಾರವನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು.

ಮುಕ್ಕಾಲು ಗಂಟೆಯ ಮೇಲೆ, ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಕೊನೆಗೆ ಆ ವೈರನ್ನು ಒತ್ತಿದೆ. ಫ್ಯಾನು ತಿರುಗಿತು. ಮನೆಯೆಲ್ಲ ಸಂತೋಷಪಟ್ಟಿತು. ಹುಡುಗಿಯ ಅಪ್ಪ ನನಗೆ ಮುಚ್ಚಳ ಹಾಕಲು ಬಿಡಲಿಲ್ಲ. ತಿರುಗುವುದನ್ನು ಸ್ವಲ್ಪ ಹೊತ್ತು ನೋಡಬೇಕೆಂದರು. ನೋಡಿ, ಮಾವನ ಕಡೆ ತಿರುಗಿ, "ಹುಡುಗನಿಗೆ ತಾಳ್ಮೆ ಐತೆ" ಎಂದರು. ಮಾವ ಗೆದ್ದವನಂತೆ ಮೀಸೆ ತಿರುವಿದ. ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ನಮ್ಮನ್ನು ಹಿತ್ತಲಿಗೆ ಕಳಿಸಿದರು.

ಹಿತ್ತಲಲ್ಲಿ ಕರಿಬೇವಿನ ಗಿಡದ ಹತ್ತಿರ ನಿಂತು ಅವಳು ಕೇಳಿದ ಮೊದಲ ಮಾತು, "ಕೂಲಿಂಗ್ ಎಂಜಿನಿಯರ್ ಅಂದ್ರೆ ಏನ್ ಕೆಲಸ?"

ಇಷ್ಟು ದಿನ ಯಾರೂ ನನ್ನನ್ನೇ ಹೀಗೆ ನೇರವಾಗಿ ಕೇಳಿರಲಿಲ್ಲ. "ರಿಪೇರಿ" ಎಂದೆ. "ಹೆಚ್ಚಾಗಿ ಫ್ಯಾನಿನ ವೈರು ಹಾಕೋದು."

"ಹಂಗಾದ್ರೆ ಒಂದು ವೈರು ಹಾಕೋಕೆ ಮುಕ್ಕಾಲು ಗಂಟೆ ಯಾಕೆ ಬೇಕಾಯ್ತು? ಬೆಳಿಗ್ಗೆ ಅದನ್ನ ಕಿತ್ತಿದ್ದು ನಾನೇ. ಈಗಾಗ್ಲೇ ಇಬ್ರು ಎಂಜಿನಿಯರ್ ಅಂತ ಹೇಳ್ಕೊಂಡು ನನ್ನ ನೋಡೋಕೆ ಬಂದು ಹೋಗವ್ರೆ. ನಿಮಗಾದ್ರೂ ನಿಜವಾಗ್ಲೂ ಕೆಲಸ ಬರುತ್ತಾ ಅಂತ ನೋಡೋಣ ಅಂತ ಕಿತ್ತೆ."

"ಮುಚ್ಚಳ ತೆಗೆದ ತಕ್ಷಣ ಕಾಣಿಸ್ತು. ನಿಮ್ಮಪ್ಪ ನಿಧಾನವಾಗಿ ಮಾಡೋರೇ ಇಷ್ಟ ಅಂದ್ರಲ್ಲ, ಅದಕ್ಕೇ..."

"ಅಂದ್ರೆ ನೀವು ಕೆಲಸ ಬರದೋರಲ್ಲ, ಸುಳ್ಳುಗಾರರು."

"ಇವತ್ತು ಒಂದಿನ" ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಅದನ್ನ ನಾನು ಹೆಂಗೆ ನಂಬ್ಲಿ? ಬನ್ನಿ" ಎಂದವಳೇ ಒಳಗೆ ನಡೆದಳು. ಕಾಫಿ ಕೊಡುವ ನೆವದಲ್ಲಿ ಕಂಪ್ಯೂಟರಿನ ಹತ್ತಿರ ಬಗ್ಗಿದಳು. "ಅಪ್ಪಾ, ಮತ್ತೆ ನಿಂತೋಯ್ತು!"

ಅಪ್ಪ ಎದ್ದು ಬಂದರು. ಅವರ ಮುಖದಲ್ಲಿ ಬೇಸರವಿರಲಿಲ್ಲ, ಒಂಥರಾ ಹುರುಪಿತ್ತು. "ಪರ್ವಾಗಿಲ್ಲ ಬನ್ನಿ, ನಿಧಾನಕ್ಕೆ ನೋಡಿ. ಊಟ ಮಾಡ್ಕೊಂಡೇ ಹೋದ್ರಾಯ್ತು" ಎಂದು ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ಪಕ್ಕದಲ್ಲಿ ಕಾಫಿ ಲೋಟ ಹಿಡಿದು ಮಗಳು. ಹಿಂದೆ ಮಾವನ ಕೆಮ್ಮು.

ಅತ್ತ ದರಿ, ಇತ್ತ ಪುಲಿ. ನಿಧಾನ ಮಾಡಿದರೆ ಮಗಳು ಹೋದಳು, ಬೇಗ ಮಾಡಿದರೆ ಅಪ್ಪ ಹೋದರು. ನಾನು ಮದುವೆಯಾಗಬೇಕಾದದ್ದು ಅಪ್ಪನನ್ನಲ್ಲವಲ್ಲ ಎಂದು ಧೈರ್ಯ ತಂದುಕೊಂಡೆ. ಕೂರಲೂ ಇಲ್ಲ. ನಿಂತಲ್ಲಿಂದಲೇ ಬಗ್ಗಿ ಎರಡು ಬೆರಳಲ್ಲಿ ವೈರು ಹಿಡಿದು ಟಕ್ಕೆಂದು ಪಿನ್ನಿಗೆ ಒತ್ತಿದೆ. ಫ್ಯಾನು ತಿರುಗಿತು. "ಆಯ್ತು" ಎಂದೆ.

ಮಾವ ಕಣ್ಣು ಮುಚ್ಚಿಕೊಂಡ. ಅಮ್ಮ ಸೆರಗು ಸರಿಮಾಡಿಕೊಂಡು ಹೊರಡಲು ಸಿದ್ಧಳಾದಳು. ಅಪ್ಪನ ಹುಬ್ಬು ನಿಧಾನವಾಗಿ ಮೇಲೇರಿತು. "ಇದೇನ್ರೀ ಇದು? ಅವಾಗ ಮುಕ್ಕಾಲು ಗಂಟೆ, ಇವಾಗ ಇಷ್ಟೇನಾ?"

ನಾನು ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮಾತಾಡಿದಳು.

"ಅಪ್ಪಾ, ಬುನಾದಿ ಕೆಲಸ ಎಲ್ಲಾ ಅವಾಗ್ಲೇ ಮುಗ್ಸವ್ರಲ್ಲ. ಅದು ಗಟ್ಟಿ ಇದ್ರೆ ಆಮೇಲೆ ಎಷ್ಟು ಸಲ ನಿಂತ್ರೂ ಇಷ್ಟೇ ಹೊತ್ತು ಸಾಕು. ನಮ್ಮ ಆಫೀಸಲ್ಲೂ ಹಂಗೇ."

ಅಪ್ಪ ಯೋಚಿಸಿದರು. ಮುಖ ಅರಳಿತು. "ಬೋರ್‌ವೆಲ್ ಇದ್ದಂಗೆ ಅನ್ನು! ಕೊರೆಯೋಕಷ್ಟೇ ಹೊತ್ತು ಬೇಕು, ಆಮೇಲೆ ಗುಂಡಿ ಒತ್ತಿದ್ರೆ ನೀರು." ಮಾವನ ಕೈ ಹಿಡಿದುಕೊಂಡರು. "ಒಳ್ಳೆ ದಿನ ನೋಡಿಸಿ."

ನಾನು ಅವಳ ಕಡೆ ನೋಡಿದೆ. ಒಂದು ಸುಳ್ಳನ್ನು ನಿಭಾಯಿಸಲು ನಾನು ಮುಕ್ಕಾಲು ಗಂಟೆ ಬೆವರು ಸುರಿಸಿದ್ದೆ. ಅವಳು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮುಗಿಸಿದ್ದಳು.